ಕಾಲು ಸೋತಿರಲಿಲ್ಲ, ಊಟ ತಪ್ಪುತ್ತಿತ್ತು: ಪುಣೆಯಲ್ಲಿ ಒಬ್ಬ ಸೈಕಲ್ ಸವಾರನ ಪ್ರಕರಣ

ವಿಜಯಪುರ ಜಿಲ್ಲೆಯ ಹಳ್ಳಿಯಿಂದ ರೇಸಿಗಾಗಿ ಪುಣೆಗೆ ಬಂದ 19 ವರ್ಷದ ಹುಡುಗನೊಬ್ಬ ಆರು ತಿಂಗಳೊಳಗೆ ತನ್ನ ಬಲವನ್ನೆಲ್ಲ ಕಳೆದುಕೊಂಡ. ಜುಲೈನಲ್ಲಿ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಘಾಟ್ ಏರುತ್ತಿದ್ದವನು ಡಿಸೆಂಬರಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದ. ಇದು ಹೇಗಾಯ್ತು, ಕಾರಣ ಹೇಗೆ ಸಿಕ್ಕಿತು, ಏನೇನು ಬದಲಾಯಿಸಿದೆವು ಅನ್ನೋದನ್ನ ಇಲ್ಲಿ ಪೂರ್ತಿ ಬರೆದಿಡ್ತಿದ್ದೇನೆ. ಹುಡುಗ ಮತ್ತು ಅವನ ಮನೆಯವರು ಒಪ್ಪಿದ ಮೇಲೇ ಬರೀತಿದ್ದೇನೆ. ಹೆಸರು, ಊರು ಬೇಡ ಅಂದಿದ್ದಾರೆ, ಹಾಗಾಗಿ ಬರೆದಿಲ್ಲ.

ನಾನೂ ಆ ಕಡೆಯವನೇ. ರೇಸ್ ಬಿಟ್ಟು ಬಹಳ ವರ್ಷ ಆಯ್ತು. ಈಗ ಪುಣೆಯಲ್ಲಿ ನೌಕರಿ ಮಾಡಿಕೊಂಡು ಕೆಲವು ಹುಡುಗ ಹುಡುಗಿಯರ ತರಬೇತಿ ನೋಡಿಕೊಳ್ತೇನೆ.

ಯಾಕೆ ಪುಣೆ

ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯವರಿಗೆ ಸೈಕಲ್ ರೇಸ್ ಹೊಸದಲ್ಲ. ಜಾತ್ರೆ ಬಂತು ಅಂದ್ರೆ ಸೈಕಲ್ ಶರ್ಯತ್ತು ಇಡೋ ಊರುಗಳಿವೆ. ಆ ಭಾಗದ ಕ್ರೀಡಾ ವಸತಿ ನಿಲಯಗಳಿಂದ ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದವರು ಬಂದಿದ್ದಾರೆ. ಈ ಹುಡುಗನೂ ಮೊದಲು ತುಳಿದದ್ದು ಅಂಥ ಒಂದು ಶರ್ಯತ್ತಿನಲ್ಲಿ. ಅಪ್ಪನಿಗೆ ನಾಲ್ಕೆಕರೆ ಹೊಲ, ಅದರಲ್ಲೇ ಸ್ವಲ್ಪ ದ್ರಾಕ್ಷಿ. ಮನೆಯಲ್ಲಿ ಎರಡು ಎಮ್ಮೆ. ಓದುತ್ತಿರೋ ತಂಗಿ ಒಬ್ಬಳು.

ನಮ್ಮ ಕಡೆ ಎದುರುಗಾಳಿಗೇನೂ ಕಡಿಮೆ ಇಲ್ಲ, ಆದರೆ ಘಾಟ್ ಇಲ್ಲ. ಪುಣೆಯಲ್ಲಿ ಬೆಳಗ್ಗೆ ಮನೆಯಿಂದ ಹೊರಟ್ರೆ ಯಾವ ದಿಕ್ಕಿಗೆ ಹೋದ್ರೂ ಒಂದು ಏರು ಸಿಗುತ್ತೆ. ಕಾತ್ರಜ್ ಹಳೇ ಘಾಟ್, ಬೋಪದೇವ್, ಸಾಸವಡ್ ದಾರಿಯ ದಿವೇ ಘಾಟ್, ಎಲ್ಲಕ್ಕಿಂತ ಮೇಲೆ ಸಿಂಹಗಡ. ಸಿಂಹಗಡದ ಕೋಟೆ ಸಮುದ್ರ ಮಟ್ಟದಿಂದ 1,300 ಮೀಟರಿಗಿಂತ ಎತ್ತರದಲ್ಲಿದೆ. ಬುಡದ ಚೆಕ್‌ಪೋಸ್ಟಿನಿಂದ ಎಂಟೊಂಬತ್ತು ಕಿಲೋಮೀಟರ್ ಏರು. ಕೆಲವು ತಿರುವುಗಳಲ್ಲಿ ಸೀಟಿನ ಮೇಲೆ ಕೂತು ತುಳಿಯೋಕೆ ಆಗೋದೇ ಇಲ್ಲ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಬಾಲೆವಾಡಿ ಕ್ರೀಡಾ ಸಂಕೀರ್ಣದಲ್ಲಿ ವೆಲೊಡ್ರೋಮ್, ಅಂದ್ರೆ ಸೈಕಲ್ ರೇಸಿನ ಟ್ರ್ಯಾಕ್ ಕೂಡ ಇದೆ. ಇನ್ನು ಹಳೇ ಹೆದ್ದಾರಿಯಲ್ಲಿ ನಡೆಯೋ ಮುಂಬೈ-ಪುಣೆ ರೇಸ್. ಖೋಪೋಲಿ ದಾಟಿ ಬೋರ್ ಘಾಟಿನ ತುದಿಗೆ ಮೊದಲು ಮುಟ್ಟಿದವನಿಗೆ 'ಘಾಟಾಚಾ ರಾಜಾ' ಅನ್ನೋ ಬಿರುದು. ಆ ಬಿರುದಿನ ಆಸೆಗೇ ಈ ಹುಡುಗ ಸೊಲ್ಲಾಪುರದ ಮೇಲೆ ಬಸ್ಸು ಬದಲಾಯಿಸಿ ಪುಣೆಗೆ ಬಂದ. ನನಗೆ ಅವನು ಹೇಳಿದ ಮೊದಲ ಮಾತೂ ಅದೇ: "ಅಣ್ಣಾ, ಬೋರ್ ಘಾಟ್ ಒಮ್ಮೆ ತೋರಸ್ರಿ."

ಪುಣೆಯ ಧಾಯರಿಯಲ್ಲಿ ರೂಮು. ಜೊತೆಗೆ ನಮ್ಮ ಕಡೆಯವರೇ ಮೂವರು ಹುಡುಗರು, ಎಲ್ಲರೂ ಕಂಪನಿಯಲ್ಲಿ ಶಿಫ್ಟ್ ಕೆಲಸ. ಇವನಿಗೆ ಒಂದು ಸೈಕಲ್ ಅಂಗಡಿಯಲ್ಲಿ ಫಿಟರ್ ಕೆಲಸ, ಬೆಳಗ್ಗೆ 11ರಿಂದ ರಾತ್ರಿ 8ರವರೆಗೆ. ಸಂಬಳ 14 ಸಾವಿರ. ಊಟಕ್ಕೆ ಬೀದಿ ತಿರುವಿನ ಮೆಸ್, ತಿಂಗಳ ಲೆಕ್ಕ. ಕೆಲಸ ಶುರುವಾಗೋ ಮೊದಲು ಬೆಳಗಿನ ಜಾವ ತರಬೇತಿ. ನೋಡಿದವರೆಲ್ಲ ಚೆಂದದ ವ್ಯವಸ್ಥೆ ಅಂದರು.

ಏನಾಗ್ತಿತ್ತು

ಬಂದಾಗ ತೂಕ 62 ಕಿಲೋ. ಒಂದು ಗಂಟೆ ಎಳೆಯಬಹುದಾದ ಪವರ್, ಅಂದ್ರೆ ಎಫ್‌ಟಿಪಿ, 245 ವಾಟ್. ಕಿಲೋಗೆ ಸುಮಾರು 3.95 ವಾಟ್ ಬಂತು. ಈ ವಯಸ್ಸಿಗೆ, ಕೋಚ್ ಇಲ್ಲದೇ ಬೆಳೆದ ಹುಡುಗನಿಗೆ ಅದು ತುಂಬಾ ಒಳ್ಳೇ ಸಂಖ್ಯೆ. ಸಿಂಹಗಡ 33 ನಿಮಿಷದಲ್ಲಿ ಏರಿದ.

ಮಳೆಗಾಲ ಮುಗಿಯೋ ಹೊತ್ತಿಗೆ ತೂಕ ಇಳಿಯತೊಡಗಿತು. ಗುಂಪಿನ ಹುಡುಗರಿಗೆ ಖುಷಿಯೋ ಖುಷಿ. "ಹಗುರ ಆದ, ಇನ್ನ ಘಾಟ್‌ನಾಗ ಇವನ್ನ ಹಿಡಿಯೋರಿಲ್ಲ" ಅಂತ ಬೆನ್ನು ತಟ್ಟಿದರು. ಸೈಕ್ಲಿಂಗ್‌ನಲ್ಲಿ ಇದು ದೊಡ್ಡ ಅಪಾಯ. ತೂಕ ಇಳಿದರೆ ಯಾರೂ ಗಾಬರಿಯಾಗೋದಿಲ್ಲ, ಶಭಾಷ್ ಅಂತಾರೆ. ಕನ್ನಡಿ ಮುಂದೆ ನಿಂತ ಹುಡುಗನಿಗೂ ಎದ್ದು ಕಾಣೋ ನರ ನೋಡಿ ತಾನು ದೊಡ್ಡ ರೇಸರ್ ಆದೆ ಅನ್ನಿಸುತ್ತೆ.

ಡಿಸೆಂಬರಿಗೆ ತೂಕ 57.5. ಪವರ್ 205ಕ್ಕೆ ಇಳಿದಿತ್ತು. ಭಾಗಿಸಿ ನೋಡಿದರೆ ಕಿಲೋಗೆ 3.57. ನಾಲ್ಕೂವರೆ ಕಿಲೋ ಹಗುರಾದ ಮೇಲೂ ಅನುಪಾತ ಕೆಟ್ಟಿತ್ತು. ಅಂದ್ರೆ ಇಳಿದದ್ದು ಕೊಬ್ಬು ಮಾತ್ರ ಅಲ್ಲ. ಸಿಂಹಗಡಕ್ಕೆ 39 ನಿಮಿಷ ಹಿಡಿಯಿತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಹೃದಯ ಬಡಿತ. ಮೊದಲು ಏರಿನ ಕೊನೆಯಲ್ಲಿ 188ಕ್ಕೆ ಮುಟ್ಟುತ್ತಿದ್ದವನು ಈಗ 170 ದಾಟುತ್ತಿರಲಿಲ್ಲ. ಉಸಿರು ಕಟ್ಟುತ್ತಿತ್ತು, ತೊಡೆ ಉರಿಯುತ್ತಿತ್ತು, ಬಡಿತ ಮಾತ್ರ ಏರೋದಿಲ್ಲ. ಸೋಮಾರಿತನದಿಂದ ಹೀಗಾಗೋದಿಲ್ಲ.

ಉಳಿದದ್ದನ್ನ ರೂಮಿನ ಹುಡುಗರು ಹೇಳಿದರು. ರಾತ್ರಿ ಮೂರಕ್ಕೆ ಎದ್ದು ಕೂರ್ತಾನೆ. ಎರಡು ತಿಂಗಳಲ್ಲಿ ಮೂರು ಸಲ ನೆಗಡಿ. ಮೊಣಕಾಲ ಹತ್ತಿರ ಸಣ್ಣ ತರಚು ಗಾಯ ವಾರಗಟ್ಟಲೆ ಒಣಗಲೇ ಇಲ್ಲ. ಪುಣೆಯ ಚಳಿಗೆ ಅಂತಲೇ ಎಲ್ಲರೂ ತಿಳಿದಿದ್ದರು, ಆದರೆ ಮಧ್ಯಾಹ್ನದ ಬಿಸಿಲಲ್ಲೂ ಅವನ ಬೆರಳು ತಣ್ಣಗಿರುತ್ತಿತ್ತು. ಸುಮ್ಮಸುಮ್ಮನೆ ಸಿಟ್ಟು. ಮೊದಲು ಎಲ್ಲರನ್ನೂ ನಗಿಸುತ್ತಿದ್ದ ಹುಡುಗ ಮಾತು ನಿಲ್ಲಿಸಿದ್ದ.

ಜನ ಹೇಳಿದ ಕಾರಣಗಳು

ಮನೆ ನೆನಪು ಅಂದವರು ಜಾಸ್ತಿ. ಊರು ಬಿಟ್ಟು ಬಂದ ಹುಡುಗ, ಭಾಷೆ ಬೇರೆ, ಹಬ್ಬ ಬಂದರೆ ಒಬ್ಬನೇ. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಮನೆ ನೆನಪಿಗೆ ನಾಲ್ಕೂವರೆ ಕಿಲೋ ಕರಗೋದಿಲ್ಲ. ಇನ್ನೊಬ್ಬರು ಮೊಬೈಲ್ ನೋಡ್ತಾ ನಿದ್ದೆ ಕೆಡಿಸ್ಕೊಂಡಿದ್ದಾನೆ ಅಂದರು. ಹಳೇ ಸವಾರರೊಬ್ಬರು "ಕಿಲೋಮೀಟರ್ ಸಾಲ್ತಿಲ್ಲ, ವಾರಕ್ಕೆ ಇನ್ನೊಂದು ನೂರು ಹಾಕಿಸು" ಅಂತ ಸಲಹೆ ಕೊಟ್ಟರು. ಹುಡುಗ ಆ ಮಾತನ್ನು ಗಟ್ಟಿಯಾಗಿ ಹಿಡಿದ. ಪವರ್ ಇಳಿದಷ್ಟೂ ಹೆಚ್ಚು ತುಳಿಯತೊಡಗಿದ.

ಒಂದು ಭಾನುವಾರ ಖಂಬಾಟ್ಕಿ ಘಾಟಿನಿಂದ ವಾಪಸ್ ಬರುವಾಗ ಶಿರವಳದ ಹತ್ತಿರ ಕಣ್ಣು ಕತ್ತಲೆ ಬಂದು ರಸ್ತೆ ಬದಿ ಕೂತುಬಿಟ್ಟ. ಅಲ್ಲಿದ್ದವರು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ "ಒಂದ್ ಸಲೈನ್ ಹಾಕಿಸ್ರಿ, ಅರ್ಧ ಗಂಟೆಗೆ ಸರಿ ಹೋಗ್ತಾನ" ಅಂದರು. ನಾವು ಬೇಡ ಅಂದೆವು. ಎಳನೀರು, ಸಕ್ಕರೆ ನೀರು ಕುಡಿಸಿದೆವು. ಕಾಲು ಗಂಟೆಯಲ್ಲಿ ಎದ್ದು ಕೂತ.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಊರುಗಳಲ್ಲಿ ಸುಸ್ತು ಅಂದ್ರೆ ಸಲೈನ್ ಅನ್ನೋದು ರೂಢಿಯೇ ಆಗಿದೆ. ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಯಮದ ಪ್ರಕಾರ 12 ಗಂಟೆಯ ಅವಧಿಯಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ದ್ರವ ರಕ್ತನಾಳದ ಮೂಲಕ ಹಾಕಿಸಿಕೊಳ್ಳುವಂತಿಲ್ಲ. ಒಳಗಿರೋದು ಬರೀ ಉಪ್ಪುನೀರಾದ್ರೂ ಅಷ್ಟೇ. ಆಸ್ಪತ್ರೆಯಲ್ಲಿ ನಿಜವಾದ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ತಪಾಸಣೆಗೆ ಮಾತ್ರ ವಿನಾಯಿತಿ. ಉಳಿದಂತೆ ಮೊದಲೇ ಅನುಮತಿ ಬೇಕು. ಸಾಮಾನ್ಯ ಬಾಟಲಿಯೇ 500 ಮಿಲಿಲೀಟರ್ ಇರುತ್ತೆ. ಜೀವಕ್ಕೆ ಅಪಾಯ ಇದ್ದಾಗ ನಿಯಮ ನೋಡಿಕೊಂಡು ಕೂರಬೇಡಿ, ಆಸ್ಪತ್ರೆಗೆ ಸೇರಿಸಿ, ಕಾಗದ ಪತ್ರ ಇಟ್ಟುಕೊಳ್ಳಿ. ಆದರೆ ಬರೀ ಸುಸ್ತಿಗೆ ಹಾಕಿಸಿದ ಒಂದು ಬಾಟಲಿಯಿಂದ ನಿಷೇಧ ಬಿದ್ದು ಹುಡುಗನ ವರ್ಷಗಳೇ ಹಾಳಾಗಬಹುದು. ಅದರ ಜೊತೆಗೆ ಕೊಡೋ 'ಶಕ್ತಿ ಇಂಜೆಕ್ಷನ್'ನಲ್ಲಿ ಏನಿದೆ ಅಂತ ಕೊಟ್ಟವರೇ ಹೇಳೋದಿಲ್ಲ. ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ನೋಡೋ ಅಭ್ಯಾಸವನ್ನ ಪ್ರತಿ ಸವಾರನಿಗೂ ಮೊದಲ ದಿನವೇ ಮಾಡಿಸಬೇಕು.

ಫೋಟೋಗಳ ವಾರ

ಶಿರವಳದ ಆ ದಿನದ ನಂತರ ಹುಡುಗನಿಗೆ ಒಂದೇ ಕೆಲಸ ಹೇಳಿದೆ. ಒಂದು ವಾರ ಬಾಯಿಗೆ ಹೋಗೋ ಪ್ರತಿಯೊಂದರ ಫೋಟೋ ತೆಗೆದು ಕಳಿಸು. ಏನನ್ನೂ ಬದಲಾಯಿಸಬೇಡ, ಯಾರಿಗೂ ತೋರಿಸೋಕಲ್ಲ.

ಬೆಳಗ್ಗೆ ಮುಕ್ಕಾಲು ಐದಕ್ಕೆ ಚಹಾ, ನಾಲ್ಕು ಬಿಸ್ಕತ್ತು. ಸೈಕಲ್ ಮೇಲೆ ಎರಡು ಬಾಳೆಹಣ್ಣು, ಎರಡು ಬಾಟಲಿ ಬರೀ ನೀರು. ಹತ್ತೂವರೆಗೆ ಅಮೃತತುಲ್ಯ ಚಹಾದಂಗಡಿಯಲ್ಲಿ ಇನ್ನೊಂದು ಚಹಾ, ಒಂದು ವಡಾಪಾವ್. ಆಗ ಮೆಸ್ ತೆರೆದಿರೋದಿಲ್ಲ. ಅಂಗಡಿಗೆ ಒಂದೂವರೆಗೆ ಡಬ್ಬಿ ಬರುತ್ತೆ: ನಾಲ್ಕು ಪೋಳಿ (ಚಪಾತಿ), ಒಂದು ಭಾಜಿ (ಪಲ್ಯ), ವರಣ (ಬೇಳೆ ಸಾರು), ಸ್ವಲ್ಪ ಅನ್ನ. ಸಂಜೆ ಮತ್ತೆ ಚಹಾ. ರಾತ್ರಿ ಅಂಗಡಿ ಮುಚ್ಚಿ ಮೆಸ್ಸಿಗೆ ಬರೋ ಹೊತ್ತಿಗೆ ಒಂಬತ್ತು. ಅಷ್ಟೊತ್ತಿಗೆ ಎಷ್ಟೋ ದಿನ ಅನ್ನ ತಳ ಕಂಡಿರುತ್ತೆ.

ಭಾನುವಾರದ ಫೋಟೋಗಳು ಬಂದಾಗ ನಾನು ತುಂಬಾ ಹೊತ್ತು ಮೊಬೈಲ್ ಹಿಡಿದು ಕೂತಿದ್ದೆ. ಮಧ್ಯಾಹ್ನದ ತಾಟಿನಲ್ಲಿ ಶೀರಾ ಇತ್ತು, ಪುರಿ ಇತ್ತು. ಆಮೇಲೆ ಏಳೂವರೆ ಗಂಟೆ ಏನೂ ಇಲ್ಲ. ರಾತ್ರಿ ಒಂಬತ್ತಕ್ಕೆ ಒಂದೇ ಫೋಟೋ: ಹರಿದ ಪಾರ್ಲೆ-ಜಿ ಪುಡಿಕೆ, ಪಕ್ಕದಲ್ಲಿ ಸ್ಟೀಲ್ ಲೋಟದಲ್ಲಿ ನೀರು.

ಪುಣೆಯಲ್ಲಿ ಇದ್ದವರಿಗೆ ಕಾರಣ ಗೊತ್ತಿರುತ್ತೆ. ಇಲ್ಲಿ ಬಹಳ ಮೆಸ್‌ಗಳು ಭಾನುವಾರ ರಾತ್ರಿ ಬಂದ್. ವಾರವಿಡೀ ಬೇಯಿಸಿದವರಿಗೂ ಒಂದು ಹೊತ್ತು ಬಿಡುವು ಬೇಕಲ್ವಾ. ಕಚೇರಿಗೆ ಹೋಗೋ ಹುಡುಗರಿಗೆ ಅದರಿಂದ ತೊಂದರೆಯಿಲ್ಲ, ಹೊರಗೆ ಹೋಗಿ ಏನೋ ತಿಂತಾರೆ. ಸೈಕಲ್ ಸವಾರನಿಗೆ ಭಾನುವಾರವೇ ವಾರದ ಅತಿ ಉದ್ದದ ರೈಡ್. ಐದು ಗಂಟೆ ತುಳಿದ ದಿನವೇ ರಾತ್ರಿ ಊಟ ಇಲ್ಲ. ಹೊರಗೆ ತಿನ್ನೋಕೆ ದುಡ್ಡು? ಆ ವಿಷಯಕ್ಕೆ ಮುಂದೆ ಬರ್ತೇನೆ.

ಅವ್ವ ದಿನಾ ರಾತ್ರಿ ಫೋನ್ ಮಾಡ್ತಿದ್ದಳು. "ಊಟ ಆತೇನಪಾ?" "ಆತಬೇ." ಭಾನುವಾರವೂ ಅದೇ ಉತ್ತರ. ಅವ್ವನಿಗೆ ಚಿಂತೆ ಯಾಕೆ ಅಂತ.

ಲೆಕ್ಕ

ತುಳಿಯೋ ಪವರ್ ಅಳೆಯೋ ಸಾಧನ, ಪವರ್ ಮೀಟರ್, ಗುಂಪಿನವರೊಬ್ಬರಿಂದ ಎರವಲು ತಂದು ಅವನ ಸೈಕಲ್ಲಿಗೆ ಹಾಕಿದ್ದೆವು. ಅದರಿಂದ ಖರ್ಚಿನ ಲೆಕ್ಕ ಸುಲಭ. ಪೆಡಲಿನ ಮೇಲೆ ಮಾಡಿದ ಕೆಲಸ ಕಿಲೋಜೂಲ್‌ನಲ್ಲಿ ಎಷ್ಟೋ, ದೇಹ ಸುಟ್ಟ ಕ್ಯಾಲರಿ ಹೆಚ್ಚುಕಡಿಮೆ ಅಷ್ಟೇ. ದೇಹ ಸುಡೋ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗವಷ್ಟೇ ಪೆಡಲಿಗೆ ಸೇರುತ್ತೆ, ಉಳಿದದ್ದು ಶಾಖವಾಗಿ ಹೋಗುತ್ತೆ. ಊಟದ ಲೆಕ್ಕದ ಒಂದು ಕ್ಯಾಲರಿ (ಕಿಲೋಕ್ಯಾಲರಿ) ಅಂದ್ರೆ 4.2 ಕಿಲೋಜೂಲ್. ಹಾಗಾಗಿ ಎರಡು ಸಂಖ್ಯೆ ಹತ್ತಿರ ಹತ್ತಿರ ಬರುತ್ತವೆ.

ವಾರದ ದಿನ ಎರಡೂವರೆ ಗಂಟೆ, ಸರಾಸರಿ 140 ವಾಟ್. ಸುಮಾರು 1,260 ಕ್ಯಾಲರಿ. ತಿಂದದ್ದು, ಫೋಟೋ ನೋಡಿ ಕೈ ಸಡಿಲ ಬಿಟ್ಟೇ ಹಾಕಿದರೂ 2,400. ಉಳಿದದ್ದು 1,140. ಅವನ ದೇಹದಲ್ಲಿ ಕೊಬ್ಬು ಬಿಟ್ಟರೆ 52 ಕಿಲೋ. ಅಂದ್ರೆ ಕಿಲೋಗೆ 22 ಕ್ಯಾಲರಿ. ಉಸಿರಾಟ, ಮೆದುಳು, ಗಾಯ ಒಣಗೋದು, ಮೂಳೆ, ರಕ್ತ, ಹಾರ್ಮೋನು ಎಲ್ಲ ಇಷ್ಟರಲ್ಲೇ ನಡೀಬೇಕು. ಚೆನ್ನಾಗಿರಬೇಕಾದ್ರೆ 45ರ ಆಸುಪಾಸು ಬೇಕು ಅಂತ ಕ್ರೀಡಾ ವೈದ್ಯರು ಹೇಳ್ತಾರೆ. 30ಕ್ಕಿಂತ ಕೆಳಗಿಳಿದು ಅಲ್ಲೇ ಉಳಿದರೆ ದೇಹ ಒಂದೊಂದೇ ಇಲಾಖೆ ಮುಚ್ಚತೊಡಗುತ್ತೆ.

ಭಾನುವಾರ ಐದು ಗಂಟೆ ತುಳಿದದ್ದಕ್ಕೆ 2,500 ಮೇಲೆ ಖರ್ಚು. ತಿಂದದ್ದು 1,800 ಇರಬಹುದು. ಉಳಿದದ್ದು ಸೊನ್ನೆಗಿಂತ ಕೆಳಗೆ.

ಇದು ಒರಟು ಲೆಕ್ಕ. ಪೋಳಿಗೆ ಎಷ್ಟು ಎಣ್ಣೆ ಸವರಿದ್ದಾರೆ ಅಂತ ಫೋಟೋ ಹೇಳೋದಿಲ್ಲ. ಆದರೆ ಇಷ್ಟು ದೊಡ್ಡ ಕೊರತೆ ಒಂದು ಚಮಚ ಎಣ್ಣೆಯಿಂದ ತುಂಬೋದಿಲ್ಲ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಅಂತ ಹೆಸರು ಕೊಟ್ಟಿತು. ಖರ್ಚಿಗೆ ತಕ್ಕಷ್ಟು ತಿನ್ನದಿದ್ದಾಗ ಇಡೀ ದೇಹ ಸೊರಗೋದು, ಸರಳವಾಗಿ ಹೇಳೋದಾದ್ರೆ ಇಷ್ಟೇ. ಹುಡುಗಿಯರಲ್ಲಿ ಮುಟ್ಟು ತಪ್ಪುತ್ತೆ, ಹಾಗಾಗಿ ಗಮನಕ್ಕೆ ಬರೋ ಸಾಧ್ಯತೆಯಾದ್ರೂ ಇದೆ. ಅದನ್ನೂ ನಮ್ಮಲ್ಲಿ "ರೇಸ್ ಮಾಡೋರಿಗೆ ಹಾಗೇ" ಅಂತ ತಳ್ಳಿಹಾಕ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ, ಮೂಳೆ ಸವೆಯೋದು ಅಲ್ಲಿಂದಲೇ ಶುರು. ಹುಡುಗರಲ್ಲಿ ಅಷ್ಟು ಸ್ಪಷ್ಟವಾದ ಸೂಚನೆ ಕಾಣೋದಿಲ್ಲ. ಹುಡುಗನನ್ನ ವೈದ್ಯರಿಗೆ ತೋರಿಸಿದಾಗ ಅವರು, ಬೆಳಗ್ಗೆ ಏಳುವಾಗ ಗಂಡಸರಿಗೆ ಆಗೋ ನಿಮಿರುವಿಕೆ ಮೊದಲಿನ ಹಾಗೆ ಆಗುತ್ತಾ ಅಂತ ಕೇಳಿದರು. ಹುಡುಗ ನೆಲ ನೋಡ್ತಾ "ಇಲ್ರಿ, ಬಾಳ ದಿನ ಆತು" ಅಂದ. ಅದನ್ನ ಅವನು ಯಾರ ಹತ್ತಿರವೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.6. ಗಂಡಸರಿಗೆ 13ಕ್ಕಿಂತ ಕಡಿಮೆಯಾದ್ರೆ ರಕ್ತಹೀನತೆ. ಕಬ್ಬಿಣದ ದಾಸ್ತಾನು ತೋರಿಸೋ ಫೆರಿಟಿನ್ 11, ತೀರಾ ಕಡಿಮೆ. ಬಿ-12 ಕಡಿಮೆ, ಡಿ ಜೀವಸತ್ವ ಕಡಿಮೆ, ಟೆಸ್ಟೋಸ್ಟೆರೋನ್ ವಯಸ್ಸಿಗೆ ತಕ್ಕಷ್ಟಿಲ್ಲ. ಥೈರಾಯ್ಡ್ ಸರಿಯಿತ್ತು. ಹೊಟ್ಟೆಯಲ್ಲಿ ರಕ್ತಸ್ರಾವ, ಜಂತುಹುಳ ಇಂಥದ್ದೇನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡರು.

ಬಿ-12 ಯಾಕೆ ಇಳಿಯಿತು ಅನ್ನೋದು ಅವನ ಮನೆ ಗೊತ್ತಿದ್ದವರಿಗೆ ತಕ್ಷಣ ಹೊಳೆಯುತ್ತೆ. ಮಾಂಸ, ಮೊಟ್ಟೆ ತಿನ್ನದ ಮನೆ. ಅಂಥವರಿಗೆ ಬಿ-12 ಬರೋದು ಹಾಲು, ಮೊಸರು, ಮಜ್ಜಿಗೆಯಿಂದ ಮಾತ್ರ. ಊರಲ್ಲಿ ಎಮ್ಮೆ ಹಾಲು ತಂಬಿಗೆಗಟ್ಟಲೆ ಕುಡಿದು ಬೆಳೆದವನು ಪುಣೆಯಲ್ಲಿ ಹಾಲು ಕಂಡದ್ದು ಚಹಾದಲ್ಲಷ್ಟೇ. ಕಬ್ಬಿಣದ ಕಥೆಯೂ ಹಾಗೇ. ಊಟದ ಹಿಂದೆ ಮುಂದೆ ಕುಡಿಯೋ ಚಹಾ ಕಾಳು, ಸೊಪ್ಪಿನಲ್ಲಿರೋ ಕಬ್ಬಿಣವನ್ನ ದೇಹ ಹೀರಿಕೊಳ್ಳದ ಹಾಗೆ ತಡೆಯುತ್ತೆ. ಅವನ ದಿನದಲ್ಲಿ ಹಸಿವಾದಾಗೆಲ್ಲ ಚಹಾ ಇತ್ತು.

ದುಡ್ಡು

14 ಸಾವಿರದಲ್ಲಿ ರೂಮಿಗೆ 2,800, ಮೆಸ್ಸಿಗೆ 3,200, ಊರಿಗೆ 4,000. ಉಳಿದದ್ದರಲ್ಲಿ ಮೊಬೈಲ್, ಬಸ್ಸು, ರೇಸಿನ ಫೀಸು, ಮತ್ತೆ ಸೈಕಲ್. ಒಳ್ಳೇ ರೇಸ್ ಟೈರ್ ಜೋಡಿಗೆ ಸಾವಿರಾರು ರೂಪಾಯಿ. ಚೈನು, ಬ್ರೇಕ್ ಪ್ಯಾಡು ಬೇರೆ. ಅಕ್ಟೋಬರಿನಲ್ಲಿ ಟೈರ್ ಹರಿಯಿತು. ಆ ತಿಂಗಳು ಹೊರಗಿನ ಊಟ ಪೂರ್ತಿ ನಿಂತಿತು. ಅವನಿಗೆ ಅದು ತ್ಯಾಗ ಅಂತ ಅನ್ನಿಸಿರಲಿಲ್ಲ. ಟೈರ್ ಕಣ್ಣಿಗೆ ಕಾಣುತ್ತೆ, ಊಟ ತಪ್ಪಿದ್ದು ಕಾಣೋದಿಲ್ಲ.

ಊರಿಗೆ ಫೋನ್ ಮಾಡೋಕೆ ಹುಡುಗ ಒಪ್ಪಲಿಲ್ಲ. ತಂಗಿಯ ಫೀಸು ಅದರಲ್ಲೇ ನಡೀತಿತ್ತು. ಕೊನೆಗೆ ಸ್ಪೀಕರ್ ಹಾಕಿ ಅವನ ಎದುರಿಗೇ ಮಾತಾಡಿದೆ. ಅವನ ಅಪ್ಪ ಪೂರ್ತಿ ಕೇಳಿಸಿಕೊಂಡರು. ನಡುವೆ ಒಂದು ಮಾತೂ ಆಡಲಿಲ್ಲ. ಆಮೇಲೆ ಹೇಳಿದರು: "ಸರ್ರ, ಮೂರು ತಿಂಗಳು ಅವನ ರೊಕ್ಕ ಬ್ಯಾಡ. ನಾ ಹೆಂಗರ ಮಾಡ್ತೀನಿ. ಉಣ್ಣಾಕ ಹೇಳ್ರಿ ಅವಗ." ಹುಡುಗ ಎದ್ದು ಹೊರಗೆ ಹೋದ.

ಬದಲಾಯಿಸಿದ್ದು

ತರಬೇತಿ ಮೊದಲ ಆರು ವಾರ ಅರ್ಧಕ್ಕಿಂತ ಕಡಿಮೆ ಮಾಡಿದೆವು. ಘಾಟ್ ಪೂರ್ತಿ ಬಂದ್. ಹುಡುಗನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. "ಏರ್ ಬಿಟ್ರ ಕಾಲ ಕೆಡ್ತಾವ್ರಿ ಅಣ್ಣಾ" ಅಂತ ದಿನಾ ಗೋಗರೆದ. ಖಾಲಿ ಹೊಟ್ಟೆಯಲ್ಲಿ ಏರಿದ್ದರಿಂದಲೇ ಕಾಲು ಕೆಟ್ಟದ್ದು ಅಂತ ದಿನಾ ಅದೇ ಉತ್ತರ ಕೊಟ್ಟೆ. ಕಬ್ಬಿಣದ ಮಾತ್ರೆ ವೈದ್ಯರು ದಿನ ಬಿಟ್ಟು ದಿನ ಕೊಟ್ಟರು, ನಿಂಬೆ ನೀರಿನ ಜೊತೆ. ಚಹಾ ಊಟದಿಂದ, ಮಾತ್ರೆಯಿಂದ ಒಂದು ಗಂಟೆ ದೂರ. ಬಿ-12ಕ್ಕೂ ಮಾತ್ರೆ.

ಮುಖ್ಯ ಕೆಲಸ ನಡೆದದ್ದು ರೂಮಿನಲ್ಲಿ. ಒಂದು ಇಂಡಕ್ಷನ್ ಒಲೆ, ಐದು ಲೀಟರಿನ ಕುಕ್ಕರ್. ಮನೆ ಮಾಲಕಿ ಕರೆಂಟ್ ಬಿಲ್ ಅಂತ ಮೊದಲು ಬೇಡ ಅಂದರು, ತಿಂಗಳಿಗೆ ಇನ್ನೂರು ಹೆಚ್ಚು ಕೊಡ್ತೇವೆ ಅಂದ ಮೇಲೆ ಒಪ್ಪಿದರು. ಭಾನುವಾರ ರಾತ್ರಿ ಹೆಸರುಬೇಳೆ ಖಿಚಡಿ, ಮೇಲೆ ತುಪ್ಪ, ಪಕ್ಕದಲ್ಲಿ ಮೊಸರು. ನಾಲ್ವರೂ ಕೂಡಿ ಉಣ್ಣೋದು. ಶಿಫ್ಟ್ ಹುಡುಗರಿಗೂ ಭಾನುವಾರ ರಾತ್ರಿ ಅದೇ ಪಾಡಾಗಿತ್ತು ಅಂತ ಆಗ ಗೊತ್ತಾಯ್ತು.

ಬೆಳಗ್ಗೆ ರೈಡಿಗೆ ಮೊದಲು ರಾತ್ರಿಯ ಅನ್ನಕ್ಕೆ ಮೊಸರು, ಇಲ್ಲಾ ಬ್ರೆಡ್ಡಿಗೆ ಬೆಲ್ಲ-ತುಪ್ಪ. ರೈಡ್ ಮುಗಿಸಿ ಬಂದ ತಕ್ಷಣ, ಸೈಕಲ್ ಒರೆಸೋ ಮೊದಲೇ, ಅರ್ಧ ಲೀಟರ್ ಹಾಲು ಮತ್ತೆ ಒಂದು ದೊಡ್ಡ ಬಟ್ಟಲು ಅವಲಕ್ಕಿ-ಮೊಸರು, ಅದಕ್ಕೆ ಶೇಂಗಾ ಹಿಂಡಿ, ಅಂದ್ರೆ ಶೇಂಗಾ ಚಟ್ನಿಪುಡಿ. ಹಿಂಡಿ ಊರಿಂದ ಬರುತ್ತೆ. ವಿಷಯ ಗೊತ್ತಾದ ಮೇಲೆ ಅವ್ವ ಯಾರು ಪುಣೆಗೆ ಹೊರಟರೂ ಅವರ ಕೈಯಲ್ಲಿ ಒಂದು ಚೀಲ ಕಳಿಸತೊಡಗಿದಳು: ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಅಂಟಿನುಂಡಿ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ. ಶೇಂಗಾ ಹೋಳಿಗೆ ಜೇಬಲ್ಲಿಟ್ಟರೆ ಬೆವರಿಗೆ ಸ್ವಲ್ಪ ಮೆತ್ತಗಾಗುತ್ತೆ, ಆದರೆ ಮೂರನೇ ಗಂಟೆಯಲ್ಲಿ ಅದರಷ್ಟು ಹಿತವಾದದ್ದು ಬೇರೆ ಇಲ್ಲ ಅಂತಾನೆ.

ಸೈಕಲ್ ಮೇಲೆ ಕುಡಿಯೋ ನೀರಿನ ಬಗ್ಗೆ ಒಂದು ಮಾತು. ಎರಡು ಗಂಟೆ ದಾಟೋ ರೈಡಿಗೆ ಗಂಟೆಗೆ 60 ಗ್ರಾಂ ಆಸುಪಾಸು ಪಿಷ್ಟ-ಸಕ್ಕರೆ ಬೇಕು. ಜೋರಾದ ರೇಸಿನಲ್ಲಿ, ಹೊಟ್ಟೆಗೆ ಅಭ್ಯಾಸ ಮಾಡಿಸಿದ್ದರೆ, 90ರವರೆಗೂ ಹೋಗಬಹುದು. ಎರಡು ಬಾಳೆಹಣ್ಣಿನಲ್ಲಿ ಬರೋದು ಐವತ್ತು ಗ್ರಾಂ, ಅದನ್ನ ಅವನು ಇಡೀ ರೈಡಿಗೆ ಹಂಚುತ್ತಿದ್ದ. ದುಬಾರಿ ಜೆಲ್ ಕೊಳ್ಳೋ ಅಗತ್ಯ ಇಲ್ಲ. ಅಡುಗೆಮನೆ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಎರಡನ್ನೂ ಕರುಳು ಬೇರೆ ಬೇರೆ ದಾರಿಯಲ್ಲಿ ಒಳಗೆ ತಗೊಳ್ಳುತ್ತೆ, ಹಾಗಾಗಿ ಬರೀ ಗ್ಲೂಕೋಸಿಗಿಂತ ಜಾಸ್ತಿ ಹಿಡಿಸುತ್ತೆ. 750 ಮಿಲಿಲೀಟರ್ ಬಾಟಲಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆ. ಒಂದು ಬಾಟಲಿಗೆ ಕೆಲವೇ ರೂಪಾಯಿ. ಓಆರ್‌ಎಸ್ ಕುಡಿದರೆ ಸಾಕಲ್ವಾ ಅಂತ ಬಹಳ ಜನ ಕೇಳ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಅದು ಭೇದಿಯಾದವರಿಗೆ ನೀರು, ಲವಣ ತುಂಬೋಕೆ ಮಾಡಿದ್ದು, ತುಳಿಯೋ ಕಾಲಿಗೆ ಇಂಧನ ಅಲ್ಲ.

ಮೆಸ್ಸಿನ ತಾಯಿಯ ಹತ್ತಿರ ನಾನೇ ಹೋಗಿ ಮಾತಾಡಿದೆ. ಹುಡುಗನಿಗೆ ಮರಾಠಿ ಆಗಿನ್ನೂ ಅಷ್ಟಕ್ಕಷ್ಟೇ. ಇನ್ನೊಂದು ಸಲ ಅನ್ನ ಹಾಕಿ ಅಂತ ಕೇಳೋಕೆ ಸಂಕೋಚ. ವಿಷಯ ಕೇಳಿದ್ದೇ ಆಕೆ ಅವನ ಕಡೆ ತಿರುಗಿ "ಅರೇ ಬಾಳಾ, ಆಧೀ ಸಾಂಗಾಯ್ಚಂ ನಾ!" ಅಂದರು, ಮೊದಲೇ ಹೇಳಬಾರದಿತ್ತಾ ಮಗಾ ಅಂತ. ಅವತ್ತಿನಿಂದ ಎರಡು ಹೆಚ್ಚು ಪೋಳಿ, ಒಂದು ಡಬ್ಬಿ ಅನ್ನ ಅವನ ಹೆಸರಲ್ಲಿ ಎತ್ತಿಡ್ತಾರೆ. ತಿಂಗಳಿಗೆ ಮುನ್ನೂರು ಮಾತ್ರ ಹೆಚ್ಚು ತಗೊಂಡರು. ಅಂಗಡಿಯವರು ಹನ್ನೊಂದರ ಬದಲು ಹನ್ನೊಂದೂವರೆಗೆ ಬರೋಕೆ ಒಪ್ಪಿದರು. ಟೈರ್ ಖರ್ಚನ್ನ ಒಂದು ವರ್ಷದ ಮಟ್ಟಿಗೆ ಗುಂಪು ವಹಿಸಿಕೊಂಡಿತು.

ಆಮೇಲೆ

ಮೊದಲು ಸುಧಾರಿಸಿದ್ದು ನಿದ್ದೆ. ಹತ್ತು ಹನ್ನೆರಡು ದಿನದಲ್ಲಿ ಮೂರು ಗಂಟೆಗೆ ಏಳೋದು ನಿಂತಿತು. ಆಮೇಲೆ ಮಾತು ಮರಳಿತು. ಪವರ್ ಮಾತ್ರ ಬೇಗ ಬರಲಿಲ್ಲ. ನಾಲ್ಕನೇ ವಾರ ತೂಕ ಎರಡು ಕಿಲೋ ಏರಿ ಪವರ್ ಅಲ್ಲೇ ನಿಂತಾಗ ಹುಡುಗನಿಗೆ ಭಯವಾಯ್ತು. ಇಂಥ ಪ್ರಕರಣಗಳಲ್ಲಿ ಎಲ್ಲರೂ ಕೈಬಿಡೋದು ಇಲ್ಲೇ. ತೂಕ ಏರಿದ್ದು ಕಾಣುತ್ತೆ, ಲಾಭ ಇನ್ನೂ ಕಾಣೋದಿಲ್ಲ, ಮತ್ತೆ ಊಟ ಕಡಿಮೆ ಮಾಡ್ತಾರೆ. ರಕ್ತ ಕಟ್ಟಿಕೊಳ್ಳೋಕೆ ತಿಂಗಳುಗಳು ಬೇಕು. ಆ ವಾರಗಳಲ್ಲಿ ತೂಕದ ಯಂತ್ರವನ್ನ ರೂಮಿನಿಂದ ತಂದು ನಮ್ಮ ಮನೆಯಲ್ಲಿಟ್ಟೆವು.

ಏಪ್ರಿಲ್ ಹೊತ್ತಿಗೆ ತೂಕ 61, ಎಫ್‌ಟಿಪಿ 252. ಕಿಲೋಗೆ 4.13. ಹಿಮೋಗ್ಲೋಬಿನ್ 14.1, ಫೆರಿಟಿನ್ 38. ಏರಿನಲ್ಲಿ ಬಡಿತ ಮತ್ತೆ 186 ಮುಟ್ಟಿತು. ಸಿಂಹಗಡ 32 ನಿಮಿಷ ಚಿಲ್ಲರೆ. ಬೇಸಿಗೆಯ ಒಂದು ರಸ್ತೆ ರೇಸಿನಲ್ಲಿ ಕೊನೆಯ ಏರಿನವರೆಗೂ ಮುಂದಿನ ಗುಂಪಿನಲ್ಲಿದ್ದು ಹನ್ನೊಂದನೆಯವನಾಗಿ ಮುಗಿಸಿದ. ಪದಕ ಇಲ್ಲ. ಆದರೆ ಗೆರೆ ದಾಟಿದ ಮೇಲೆ ಅವನು ಮೊದಲು ಮಾಡಿದ್ದು ಜೇಬಿನಿಂದ ಹೋಳಿಗೆ ತೆಗೆದು ತಿಂದದ್ದು. ಅದನ್ನ ನೋಡಿ ನನಗಾದ ಸಂತೋಷ ಹೇಳತೀರದು.

ಆದರೆ ಎಲ್ಲ ಬಗೆಹರಿದಿಲ್ಲ. ಟೆಸ್ಟೋಸ್ಟೆರೋನ್ ಏರಿದೆ, ಇನ್ನೂ ಪೂರ್ತಿ ಆಗಿಲ್ಲ. ಮೂಳೆ ಸಾಂದ್ರತೆ ಪರೀಕ್ಷೆ ಮಾಡಿಸಬೇಕು ಅಂತ ವೈದ್ಯರು ಹೇಳಿದ್ದಾರೆ, ಅದರ ಖರ್ಚಿಗೆ ದಾರಿ ಹುಡುಕ್ತಿದ್ದೇವೆ. ಬೋರ್ ಘಾಟ್‌ಗೆ ಒಂದು ಸಲ ಕರೆದುಕೊಂಡು ಹೋಗಿದ್ದೆ, ಖೋಪೋಲಿಯಿಂದ ಖಂಡಾಲಾಗೆ ಹಳೇ ರಸ್ತೆಯಲ್ಲಿ, ಬೆಳಕಾಗೋ ಹೊತ್ತಿಗೆ. ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ಲಿಗೆ ಪ್ರವೇಶ ಇಲ್ಲ. ಎಲ್ಲಿ ಗೇರ್ ಬದಲಾಯಿಸಬೇಕು, ಎಲ್ಲಿ ಕುಡೀಬೇಕು ಅಂತ ಗುರುತು ಹಾಕಿಕೊಂಡ. ಅಲ್ಲಿ ರೇಸ್ ಓಡೋದು ಮುಂದಿನ ಮಾತು.

ಕಳೆದ ವಾರ ಜಮಖಂಡಿ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಮಗನನ್ನ ಪುಣೆಗೆ ಕಳಿಸಬೇಕು, ಯಾವ ಸೈಕಲ್ ಕೊಡಿಸಲಿ ಅಂತ ಕೇಳಿದರು. ರೂಮಿನಲ್ಲಿ ಒಲೆ ಇಡೋಕೆ ಬಿಡ್ತಾರಾ, ಕೆಲಸದ ಹೊತ್ತು ಏನು, ಮೆಸ್ ಯಾವ ದಿನ ಬಂದ್ ಅಂತ ಮೊದಲು ವಿಚಾರಿಸಿಕೊಳ್ಳೋಕೆ ಹೇಳಿದ್ದೇನೆ. ಅದು ಗೊತ್ತಾದ ಮೇಲೆ ಸೈಕಲ್ ವಿಷಯ ಮಾತಾಡೋಣ ಅಂದಿದ್ದೇನೆ.